ಕಡಿದ ಕಾಡಿನಲ್ಲಿ ಜಿಂಕೆಗೆ ಮೇವೆಲ್ಲಿ?

ಮರ ಕಡಿದ ಜಾಗಕ್ಕೆ ಮೊದಲು ಬಿಸಿಲು ಇಳಿಯುತ್ತದೆ. ಮಳೆ ಬಿದ್ದೊಡನೆ ಹುಲ್ಲು ಏಳುತ್ತದೆ, ಬುಡಗಳು ಚಿಗುರುತ್ತವೆ, ಜಿಂಕೆಗಳು ಮೇಯಲು ಬರುತ್ತವೆ. ಅಮೆರಿಕದಲ್ಲಿ ಸ್ವಂತ ಕಾಡಿರುವವರು ಮರ ಮಾರಿದ ಮೇಲೆ ಆ ಜಾಗವನ್ನು ಜಿಂಕೆ ಬೇಟೆಗೆಂದೇ ಹದಗೊಳಿಸುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಅದನ್ನು ಬೇಟೆಯಾಡುವ ಹಕ್ಕಿರುವುದು ಚಿರತೆಗೆ, ಸೀಳುನಾಯಿಗೆ. ಆ ಬೇಟೆ ಕಾಡಿನೊಳಗೇ ನಡೆಯಬೇಕಾದರೆ ಜಿಂಕೆಗೆ ಕಾಡಿನೊಳಗೇ ಮೇವು ಸಿಗಬೇಕು.

ಮಾಗಡಿ, ಕನಕಪುರ, ರಾಮನಗರದ ಕುರುಚಲು ಕಾಡುಗಳು ಬಹುಕಾಲ ಬೆಂಗಳೂರಿನ ಒಲೆಗಳಿಗೆ ಸೌದೆ, ಇದ್ದಲು ಒದಗಿಸಿದವು. ಚನ್ನಪಟ್ಟಣದ ಬೊಂಬೆಗೆ ಆಲೆ ಮರ ಬೇಕಿತ್ತು. ಕಡಿದರೂ ಈ ಒಣಕಾಡಿನ ಅನೇಕ ಮರಗಳು ಸಾಯುವುದಿಲ್ಲ. ತೊಗಟೆಯಡಿ ಮಲಗಿರುವ ಮೊಗ್ಗುಗಳು ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಒಡೆಯುತ್ತವೆ. ದಿಂಡಿಗ, ಆಲೆಯಂಥ ಮರಗಳ ಕೂಳೆ ಹೀಗೆ ಗುಂಪುಗುಂಪಾಗಿ ಚಿಗುರುತ್ತದೆ.

ಈ ಚಿಗುರು ಜಿಂಕೆಗೆ ಏಕೆ ಮುಖ್ಯ? ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ. ಗಟ್ಟಿ ಒಸಡಿಗೆ ಕೆಳಹಲ್ಲನ್ನು ಒತ್ತಿ ಮೇವನ್ನು ಕಿತ್ತುಕೊಳ್ಳುತ್ತದೆ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಬಲಿತು ನಾರಾದ ಹುಲ್ಲಿನಿಂದ ಅವಕ್ಕೆ ಸಿಗುವ ಸಾರ ಕಡಿಮೆ. ಎಳೆಯ ಹುಲ್ಲಿನಲ್ಲಿ, ಚಿಗುರಿನಲ್ಲಿ ಪ್ರೋಟೀನು ಹೆಚ್ಚು. ಆದ್ದರಿಂದ ಚುಕ್ಕೆ ಜಿಂಕೆ ಮಳೆಗಾಲದಲ್ಲಿ ಹಸಿಹುಲ್ಲು ಮೇಯುತ್ತದೆ, ಬೇಸಿಗೆಯಲ್ಲಿ ಎಲೆ, ಉದುರಿದ ಹೂವು, ಹಣ್ಣುಗಳತ್ತ ತಿರುಗುತ್ತದೆ. ಅದಕ್ಕೆ ಮೇಯಲು ಬಯಲು, ಮರಿ ಅಡಗಿಸಲು ಪೊದೆ, ಹಣ್ಣು ಉದುರಿಸುವ ಹಳೆಯ ಮರ, ಹತ್ತಿರದಲ್ಲಿ ನೀರು ಇವೆಲ್ಲ ಬೇಕು. ಕನಕಪುರದ ಸಂಗಮದ ಸುತ್ತ ಇವೆಲ್ಲ ಒಟ್ಟಿಗಿವೆ: ಗುಡ್ಡದಲ್ಲಿ ಕಮರ, ಹೊಳೆ ದಂಡೆಯಲ್ಲಿ ಹೊಳೆಮತ್ತಿ, ನಡುವೆ ಹುಲ್ಲು. ಈ ಪ್ರದೇಶವನ್ನು ಒಳಗೊಂಡ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ 2013ರ ವಿಸ್ತರಣೆಯ ನಂತರ ಸಾವಿರ ಚದರ ಕಿಲೋಮೀಟರ್ ದಾಟಿದೆ.

ಆದರೆ ಕಡಿದ ಜಾಗದ ಬಿಸಿಲನ್ನು ಹುಲ್ಲಿಗಿಂತ ಮೊದಲು ಲಂಟಾನ ಹಿಡಿದರೆ ಕೆಲಸ ಕೆಟ್ಟಿತು. ಅಲಂಕಾರಕ್ಕೆಂದು ಹೊರದೇಶದಿಂದ ತಂದ ಈ ಗಿಡದ ಕಪ್ಪು ಹಣ್ಣನ್ನು ಪಿಕಳಾರದಂಥ ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಎಲೆಯಲ್ಲಿರುವ ವಿಷ ದನಕರುಗಳ ಯಕೃತ್ತನ್ನು ಕೆಡಿಸುತ್ತದೆ. ಅದರ ದಟ್ಟ ನೆರಳಿನಲ್ಲಿ ಹುಲ್ಲು ಉಳಿಯುವುದಿಲ್ಲ. ಕಾಡು ದೂರಕ್ಕೆ ಹಸಿರಾಗಿಯೇ ಕಾಣುತ್ತದೆ, ಒಳಗೆ ಮೇವಿರುವುದಿಲ್ಲ. ಕಡಿದ ಜಾಗಕ್ಕೆ ಸಾಲಾಗಿ ನೀಲಗಿರಿ ನೆಟ್ಟರೂ ಜಿಂಕೆಗೆ ಸಿಗುವುದು ಅಷ್ಟರಲ್ಲೇ ಇದೆ. ನೀಲಗಿರಿಯ ಎಣ್ಣೆ ತುಂಬಿದ ಎಲೆಯನ್ನು ಜಿಂಕೆ ಮೇಯುವುದಿಲ್ಲ.

ಲಂಟಾನವನ್ನು ಮಚ್ಚಿನಿಂದ ಸವರಿದರೆ ಮುಂದಿನ ಮಳೆಗೆ ಇಮ್ಮಡಿಯಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳವಾದುದು: ಕಾಂಡ ಮತ್ತು ಬೇರು ಕೂಡುವ ಗಂಟಿನ ಕೆಳಗೆ, ಮಣ್ಣಿನೊಳಗೇ, ಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡುವುದು. ಚಿಗುರುವ ಭಾಗವೇ ಹೋದುದರಿಂದ ಗಿಡ ಮತ್ತೆ ಏಳದು. ಹಣ್ಣು ಕಟ್ಟುವ ಮೊದಲೇ ಇದನ್ನು ಮಾಡಬೇಕು. ಇಡೀ ಗುಡ್ಡವನ್ನು ಒಮ್ಮೆಗೇ ಬೋಳಿಸದೆ ತುಂಡುತುಂಡಾಗಿ ತೆರವು ಮಾಡಿದರೆ ಮರಿಗಳಿಗೆ ಮರೆ ಉಳಿಯುತ್ತದೆ. ಹಕ್ಕಿ ಕೂರುವ ಮರಗಳ ಕೆಳಗೆ ಮತ್ತೆ ಹುಟ್ಟುವ ಸಸಿಗಳನ್ನು ಮುಂದಿನ ವರ್ಷಗಳಲ್ಲೂ ಕೀಳಬೇಕು. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ, ಬೆಂಕಿ ಬೀಳದಂತೆ, ದನ ಕುರಿ ನುಗ್ಗದಂತೆ ಕಾಯಬೇಕು. ಕೂಳೆಚಿಗುರು ಜಿಂಕೆಯ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೂ ಈ ಕಾವಲು ಅಗತ್ಯ.

ಹೀಗೆ ಮರಳಿ ಬಂದ ಜಿಂಕೆ ತಾನೂ ಕೆಲಸಕ್ಕೆ ತೊಡಗುತ್ತದೆ. ಕಾಡಿನಲ್ಲಿ ನೆಲ್ಲಿಕಾಯಿ ನುಂಗುವ ಚುಕ್ಕೆ ಜಿಂಕೆ ಆಮೇಲೆ ಬೇರೆಡೆ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಹೊರಗೆ ಉಗಿಯುತ್ತದೆ. ತಾಯಿಮರದಿಂದ ದೂರ ಬಿದ್ದ ಬೀಜಕ್ಕೆ ಹೊಸ ನೆಲ ಸಿಗುತ್ತದೆ.

ಕಾಡಂಚಿನ ರೈತರಿಗೂ ಇದರಲ್ಲಿ ಪಾಲಿದೆ. ಒಳಗೆ ಮೇವಿಲ್ಲದ ಜಿಂಕೆ ರಾಗಿ, ಹುರುಳಿ ಹೊಲಕ್ಕೆ ಇಳಿಯುತ್ತದೆ. ಜಿಂಕೆ ಸಿಗದ ಚಿರತೆ ಹಟ್ಟಿಯ ಮೇಕೆಗೆ ಕಣ್ಣು ಹಾಕುತ್ತದೆ. ಪ್ರತಿ ವರ್ಷ ವನಮಹೋತ್ಸವದಲ್ಲಿ ಎಷ್ಟು ಸಸಿ ನೆಟ್ಟೆವೆಂದು ಲೆಕ್ಕ ಹಾಕುತ್ತೇವೆ. ಕಡಿದ ಕಾಡಿನಲ್ಲಿ ಎಷ್ಟು ಎಕರೆ ಲಂಟಾನ ತೆಗೆದೆವು, ಎಷ್ಟು ಎಕರೆಗೆ ಹುಲ್ಲು ಬಂತು ಎಂಬುದೂ ಆ ಲೆಕ್ಕಕ್ಕೆ ಸೇರಲಿ.