ಬುತ್ತಿ ಗಂಟಿನೊಳಗಿನ ಮನೆಯೂಟ

ಸೊಲ್ಲಾಪುರದಿಂದ ಹೋಟಗಿ ಮಾರ್ಗವಾಗಿ ವಿಜಯಪುರದತ್ತ ಸಾಗುವ ರೈಲಿನಲ್ಲಿ ಊಟದ ಹೊತ್ತಿಗೆ ಬಟ್ಟೆಯ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಜೊತೆಗೊಂದು ಉಳ್ಳಾಗಡ್ಡಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಲ್ಲಿ ಇದಕ್ಕೆ ಬುತ್ತಿಯೆಂದೇ ಹೆಸರು.

ಈ ಬುತ್ತಿ ಕೆಡದಿರುವುದಕ್ಕೆ ಕಾರಣ ಅದರ ತಯಾರಿಕೆಯಲ್ಲಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದಾಗಲೇ ಅದು ಹದಕ್ಕೆ ಬರುತ್ತದೆ. ಅಂಗೈಯಿಂದ ತೆಳ್ಳಗೆ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ ಬೇಯಿಸಿ, ಬಳಿಕ ಒಲೆಯ ಬದಿಗೆ ನಿಲ್ಲಿಸಿ ಒಣಗಿಸುತ್ತಾರೆ. ತೇವವೆಲ್ಲ ಆರಿದ ರೊಟ್ಟಿ ಹಪ್ಪಳದಂತೆ ಮುರಿಯುತ್ತದೆ. ಗಾಳಿಯ ತಂಪು ತಗಲದಂತೆ ಕಟ್ಟಿಟ್ಟರೆ ವಾರಗಟ್ಟಲೆ ಬಾಳುತ್ತದೆ. ಹಿಂಡಿಯ ಗುಟ್ಟೂ ಅದೇ. ಹುರಿದ ಶೇಂಗಾ, ಒಣ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟುತ್ತಾರೆ. ನೀರಿನ ಹನಿಯೂ ಸೋಕಬಾರದು. ಮಿಕ್ಸರಿನಲ್ಲಿ ಪುಡಿಯಾದ ಹಿಂಡಿಗೆ ಆ ಜಿಡ್ಡು ಬಾರದೆಂಬ ಹಿರಿಯರ ದೂರು ಸುಳ್ಳಲ್ಲ. ಪ್ರಯಾಣದ ಮೊದಲ ದಿನಕ್ಕೆ ಮೊಸರನ್ನ, ಪಲ್ಯ. ಮರುದಿನದಿಂದ ರೊಟ್ಟಿ, ಹಿಂಡಿ, ಶೇಂಗಾ ಹೋಳಿಗೆ.

ಎರೆಮಣ್ಣಿನ ಈ ಸೀಮೆ ಹಿಂಗಾರಿ ಜೋಳದ ನೆಲ. ಇದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಇಲ್ಲಿಯ ಅಡುಗೆಮನೆಗಳು ಹೊಸದಾಗಿ ಕಲಿಯಬೇಕಾದದ್ದೇನೂ ಇರಲಿಲ್ಲ.

ಬುತ್ತಿಯಿಲ್ಲದೆ ಬಂದ ಯಾತ್ರಿಕರೂ ಹಸಿದು ಮರಳುವುದಿಲ್ಲ. ಅಕ್ಕಲಕೋಟದಲ್ಲಿ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳವು 1988ರಿಂದ ಉಚಿತವಾಗಿ ಊಟ ಬಡಿಸುತ್ತ ಬಂದಿದೆ.

ಈಗ ಸೊಲ್ಲಾಪುರದ ಅಂಗಡಿಗಳಲ್ಲಿ ಬುತ್ತಿಯ ಸಾಮಗ್ರಿ ಪೊಟ್ಟಣಗಳಲ್ಲಿ ಸಿಗುತ್ತದೆ. ಇದು ಅನೇಕ ಮಹಿಳೆಯರ ಜೀವನೋಪಾಯವೂ ಹೌದು. ಅದನ್ನು ಹಳಿಯುವುದು ಸಲ್ಲದು. ಆದರೆ ಪೊಟ್ಟಣದ ಮೇಲೆ ಮಗು ಓದುವುದು ‘ಕಡಕ ಭಾಕರಿ’, ‘ಶೇಂಗಾ ಚಟಣಿ’. ರೊಟ್ಟಿ, ಹಿಂಡಿ, ಗುರೆಳ್ಳು, ಬುತ್ತಿ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಸಿಗುವಂಥವಲ್ಲ. ಅವು ಉಳಿದಿರುವುದು ಒಲೆಯ ಮುಂದೆ, ಕೆಲಸ ಮಾಡುತ್ತ ಆಡುವ ಮಾತಿನಲ್ಲಿ. ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಮನೆಯ ಈ ಪಾಠ ತಪ್ಪಿದರೆ ನಷ್ಟ ಸಣ್ಣದಲ್ಲ.

ದೀಪಾವಳಿ ರಜೆಯಲ್ಲಿ ಊರಿಗೆ ಹೊರಡುವ ಮನೆಗಳಲ್ಲಿ ಹಿಂದಿನ ದಿನವೇ ಹಂಚು ಕಾಯುತ್ತದೆ. ಅಜ್ಜಿಯ ಪಕ್ಕದಲ್ಲಿ ಮಗಳಂತೆ ಮಗನೂ ಕುಳಿತು ಬಡಿಯಲಿ. ಮೊದಲ ನಾಲ್ಕು ರೊಟ್ಟಿ ಹರಿಯುತ್ತವೆ. ಅವನ್ನು ಬಿಸಿಯಿರುವಾಗಲೇ ಬೆಣ್ಣೆ ಹಚ್ಚಿ ಅಲ್ಲೇ ತಿಂದು ಮುಗಿಸಬಹುದು.