ಸೈಡರ್, ಬಿಯರ್ ಬೇಡ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಿನೆಗರ್ ಮಾಡೋಣ

ಹಲಸಿನ ಕಾಲದಲ್ಲಿ ಬೇಲೂರು ಕಡೆಯ ಕಾಫಿ ತೋಟಗಳನ್ನು ನೋಡಿ. ನೆರಳಿಗೆಂದು ಬಿಟ್ಟ ಮರದ ಬುಡದಲ್ಲಿ ಹಣ್ಣು ಬಿದ್ದು ಒಡೆದು ಕೊಳೆಯುತ್ತಿರುತ್ತದೆ. ಹಳೇಬೀಡು ಸುತ್ತಿನ ಹೊಲದ ಬದುಗಳಲ್ಲೂ ಇದೇ ಕತೆ. ಅರಸೀಕೆರೆ ಕಡೆ ಬಂದರೆ ಕಾಯಿ ಒಡೆಯುವ ಜಾಗದಲ್ಲಿ ತೆಂಗಿನ ನೀರು ಚರಂಡಿಗೆ ಹೋಗುತ್ತದೆ. ಬಾಳೆಗೆ ರೇಟಿಲ್ಲದ ವಾರ ಗೊನೆ ದನಕ್ಕೆ. ಇವೆಲ್ಲ ಸಕ್ಕರೆ ಇರುವ ವಸ್ತುಗಳು. ಸಕ್ಕರೆ ಇದ್ದಲ್ಲಿ ಏನೋ ಒಂದು ಮಾಡಬಹುದು ಅಂತ ಈಗಿನ ಹುಡುಗರಿಗೆ ಗೊತ್ತಿದೆ. 'ಹೊರದೇಶದಲ್ಲಿ ರೈತರೇ ಮನೆಯಲ್ಲಿ ಸೈಡರ್ ಮಾಡ್ತಾರಂತೆ, ಬಿಯರ್ ಮಾಡ್ತಾರಂತೆ, ನಾವ್ಯಾಕೆ ಮಾಡಬಾರದು?' ಎಂದು ಕೇಳುವವರು ನಮ್ಮ ಊರಲ್ಲೂ ಇದ್ದಾರೆ.

ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಲು ಹೊರಟು ನಾನು ಕಲಿತದ್ದನ್ನು, ಹೊಸಬನಾಗಿ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಸೈಡರ್ ಅಂದರೇನು, ಬಿಯರ್ ಅಂದರೇನು?

ಎರಡರಲ್ಲೂ ಕೆಲಸ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ನೊರೆ ಬರುವುದು ಈ ಅನಿಲದಿಂದ. ಸೇಬಿನ ರಸ ಹೀಗೆ ಹುದುಗಿದರೆ ಸೈಡರ್. ದ್ರಾಕ್ಷಿ ರಸವಾದರೆ ವೈನ್.

ಬಿಯರ್‌ಗೆ ಹಣ್ಣು ಬೇಡ, ಕಾಳು ಬೇಕು. ಕಾಳಿನಲ್ಲಿರೋದು ಪಿಷ್ಟ, ಯೀಸ್ಟ್ ಪಿಷ್ಟವನ್ನು ನೇರ ತಿನ್ನಲಾರದು. ಅದಕ್ಕೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಇದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಮಗುವಿಗೆ ಮೊಳಕೆ ರಾಗಿಯ ಗಂಜಿ ಮಾಡಿದರೆ ಅದು ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗೆ, ಸ್ವಲ್ಪ ಸಿಹಿಯಾಗಿರುತ್ತದಲ್ಲ? ಅದಕ್ಕೆ ಕಾರಣ ಇದೇ ಕಿಣ್ವ.

ರಾಗಿಯಿಂದಲೂ ಈ ಬಗೆಯ ಪಾನೀಯ ಆಗುತ್ತದೆ. ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳದ ಬೆಟ್ಟದ ಜನ ಬೇಯಿಸಿದ ರಾಗಿಯನ್ನು ಹುದುಗಿಸಿ, ಪಾತ್ರೆಗೆ ಹಾಕಿ ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ. ಅದಕ್ಕೆ ತೊಂಗ್ಬಾ ಅಂತ ಹೆಸರು. ಬೆಂಗಳೂರಿನಲ್ಲಿ ಲೈಸೆನ್ಸ್ ಪಡೆದ ಕೆಲವು ಕಿರು ಬ್ರೂವರಿಗಳೂ ರಾಗಿ ಬಳಸಿವೆ.

ನಮ್ಮಲ್ಲಿ ಯಾಕೆ ಆಗದು?

ಕಾನೂನು ಒಪ್ಪುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರ 13ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ತಯಾರಿಸಿದರೆ 32ನೇ ಕಲಮಿನ ಕೆಳಗೆ ಶಿಕ್ಷೆ ಇದೆ. 'ಮಾರಾಟಕ್ಕಲ್ಲ ಸ್ವಾಮಿ, ಮನೆಗೆ ಮಾತ್ರ' ಅಂದರೆ ಬಿಡ್ತಾರೆ ಎಂದು ನಂಬಿಕೊಳ್ಳಬೇಡಿ. ಕಾಯ್ದೆ ಮೊದಲು ಕೇಳುವುದು ಲೈಸೆನ್ಸ್ ಇದೆಯಾ ಅಂತ, ಮಾರಿದ್ದೀಯಾ ಅಂತಲ್ಲ. ಕೊಡಗಿನ ಮನೆ ವೈನಿನ ಹೆಸರು ನೀವು ಕೇಳಿರಬಹುದು. ಅಲ್ಲಿಗೂ ಇದೇ ಕಾಯ್ದೆ.

ಲೈಸೆನ್ಸ್ ಪಡೆದು ಬಿಯರ್ ಮಾಡುವುದು ಎರಡು ಎಕರೆಯವರ ಕೈಗೆಟುಕುವ ಕೆಲಸವಲ್ಲ. ಕದ್ದು ಮಾಡಿದರೆ ಒಂದು ಕೇಸು ಸಾಕು, ನಾಲ್ಕು ವರ್ಷದ ಬೆಳೆಯ ದುಡ್ಡು ಕೋರ್ಟಿಗೆ ತಿರುಗಾಡುವುದರಲ್ಲೇ ಮುಗಿಯುತ್ತದೆ. ಇನ್ನು ಭಟ್ಟಿ ಇಳಿಸುವ ಯೋಚನೆಯಂತೂ ಯಾರಿಗೂ ಬರಬಾರದು. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಕಳ್ಳ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹಳಬರು ಮರೆತಿಲ್ಲ.

ಹಾಗಾದರೆ ಹಣ್ಣು ಕೊಳೆಯಲೇಬೇಕೆ? ಬೇಕಿಲ್ಲ. ಅಂಗಡಿಯಲ್ಲಿ 'ಆಪಲ್ ಸೈಡರ್ ವಿನೆಗರ್' ಎಂಬ ಬಾಟಲಿ ನೋಡಿದ್ದೀರಲ್ಲ, ಅದರ ಹೆಸರಿನಲ್ಲೇ ದಾರಿ ಇದೆ. ಸೈಡರ್ ಇನ್ನೊಂದು ಹೆಜ್ಜೆ ಮುಂದೆ ಹೋದರೆ ವಿನೆಗರ್. ಸೇಬಿನ ಜಾಗದಲ್ಲಿ ಹಲಸು, ಬಾಳೆ, ನೇರಳೆ, ತೆಂಗಿನ ನೀರು ಏನಾದರೂ ಆದೀತು.

ಎರಡು ಹಂತ, ಎರಡು ಗುಣ

ಹೊಸಬರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿ ಒಂದೇ. ಮೊದಲ ಹಂತಕ್ಕೆ ಗಾಳಿ ಬೇಡ. ಎರಡನೇ ಹಂತಕ್ಕೆ ಗಾಳಿ ಬೇಕೇ ಬೇಕು.

ಮೊದಲ ಹಂತದಲ್ಲಿ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಎರಡನೆಯದರಲ್ಲಿ ಅಸಿಟಿಕ್ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ಬಳಸಿ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಿನೆಗರಿನ ಹುಳಿ ಅದೇ. ಈ ಹುಳಿ ಜೀವಿಗಳ ಕೆಲಸ ಎಂಬುದನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಶೇಂದಿಯ ವಿನೆಗರ್ ಅಡುಗೆಗೆ ಹಳೆಯ ರೂಢಿ. ಕೊಡಗಿನ ಕಾಚಂಪುಳಿ ಮಾತ್ರ ಬೇರೆ. ಅದು ಹಣ್ಣಿನ ರಸವನ್ನೇ ಕಾಯಿಸಿ ಗಟ್ಟಿ ಮಾಡಿದ ಹುಳಿ.

ರಸದಲ್ಲಿ ಸಕ್ಕರೆ ಎಷ್ಟಿರಬೇಕು? ನೂರಕ್ಕೆ ಹತ್ತು ಇದ್ದರೆ ಒಳ್ಳೆಯದು. ಲೆಕ್ಕದ ಪ್ರಕಾರ 10 ಗ್ರಾಂ ಸಕ್ಕರೆಯಿಂದ ಹೆಚ್ಚೆಂದರೆ 6.7 ಗ್ರಾಂ ಅಸಿಟಿಕ್ ಆಮ್ಲ ಬರಬೇಕು. ಆವಿಯಾಗಿ, ಜೀವಿಗಳು ತಿಂದು ಉಳಿಯುವುದು 4ರಿಂದ 5. ಸಕ್ಕರೆ ತೀರಾ ಹೆಚ್ಚಾದರೆ ಮದ್ಯಸಾರವೂ ಹೆಚ್ಚಿ ಎರಡನೇ ಹಂತದ ಬ್ಯಾಕ್ಟೀರಿಯಾ ಸೊರಗುತ್ತದೆ.

ಯಾವುದಕ್ಕೆ ಏನು ಬೆರೆಸಬೇಕು?

ಚೆನ್ನಾಗಿ ಹಣ್ಣಾದ ಹಲಸಿನ ತೊಳೆಯಲ್ಲಿ ಸುಮಾರು 20 ಪಾಲು ಸಕ್ಕರೆ ಇರುತ್ತದೆ. ಒಂದು ಕೆ.ಜಿ. ತೊಳೆಗೆ ಒಂದು ಲೀಟರ್ ನೀರು ಹಾಕಿ ಅರೆದರೆ ಸರಿಸುಮಾರು ನಮಗೆ ಬೇಕಾದ ಹದ. ಸಕ್ಕರೆ ಕೊಳ್ಳಬೇಕಿಲ್ಲ. ಬಂಬಲ ಹಲಸೇ ಇದಕ್ಕೆ ಅನುಕೂಲ. ಬಕ್ಕೆ ಹಲಸು ಹಾಗೇ ಮಾರಾಟವಾಗುತ್ತದೆ, ಬಂಬಲವನ್ನು ಕೇಳೋರಿಲ್ಲ. ತೀರಾ ಹಣ್ಣಾದ ಬಾಳೆಗೂ ಇದೇ ಲೆಕ್ಕ. ನೇರಳೆಗೆ ಹೆಚ್ಚು ನೀರು ಬೇಡ.

ಬಲಿತ ಕಾಯಿಯ ನೀರಿನಲ್ಲಿ ಸಕ್ಕರೆ 2-3 ಪಾಲು ಮಾತ್ರ. ಲೀಟರಿಗೆ 70-80 ಗ್ರಾಂ ಸಕ್ಕರೆ ಅಥವಾ ಬೆಲ್ಲ ಸೇರಿಸಬೇಕು. ಉಂಡೆ ಕೊಬ್ಬರಿಗೆ ಅಟ್ಟದಲ್ಲಿಟ್ಟ ಕಾಯಿಯ ನೀರು ಒಳಗೇ ಇಂಗಿಹೋಗುವುದರಿಂದ ಆ ಕಾಯಿ ಇದಕ್ಕೆ ಒದಗದು. ಕಾಯಿಪುಡಿ ಕಾರ್ಖಾನೆ, ಹೋಟೆಲು, ಮದುವೆ ಮನೆಗಳಲ್ಲಿ ಚೆಲ್ಲುವ ನೀರೇ ನಮ್ಮ ಕಚ್ಚಾವಸ್ತು. ಒಡೆದ ದಿನವೇ ತಂದು ಕಾಯಿಸಿಕೊಳ್ಳಬೇಕು.

ಮಾಡುವ ಕ್ರಮ

ಪಾತ್ರೆ ಗಾಜಿನದೋ ಪಿಂಗಾಣಿ ಜಾಡಿಯೋ ಆಹಾರಕ್ಕೆ ಬಳಸುವ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಿರಲಿ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ. ಎಲ್ಲವನ್ನೂ ಕುದಿವ ನೀರಿನಲ್ಲಿ ತೊಳೆಯಿರಿ; ತೆಳು ಗಾಜಾದರೆ ಬಿಸಿನೀರು ಸಾಕು, ಕುದಿನೀರಿಗೆ ಸೀಳುತ್ತದೆ.

1. ಅರೆದ ರಸವನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿ ಬರುವ ಹಂತದವರೆಗೆ ಕಾಯಿಸಿ ಪೂರ್ತಿ ಆರಿಸಿ. ಬೇಡದ ಜೀವಿಗಳು ಸಾಯುತ್ತವೆ.

2. ಬೇಕರಿಯವರು ಬಳಸುವ ಒಣ ಯೀಸ್ಟನ್ನು ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಲೆಕ್ಕದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಸೇರಿಸಿ.

3. ಪಾತ್ರೆಯ ಮುಕ್ಕಾಲು ಮಾತ್ರ ತುಂಬಿ. ಮುಚ್ಚಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಡಿ. ಅನಿಲ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರದು. ಬಾಟಲಿಯ ಬಿರಡೆಯನ್ನು ಬಿಗಿ ಮಾಡಲೇಬೇಡಿ, ಸಿಡಿಯುತ್ತದೆ.

4. ಐದರಿಂದ ಎಂಟು ದಿನದಲ್ಲಿ ಗುಳ್ಳೆ ಬರುವುದು ನಿಲ್ಲುತ್ತದೆ. ಅದೇ ದಿನ ಬಟ್ಟೆಯಲ್ಲಿ ಶೋಧಿಸಿ, ನಾಲ್ಕು ಪಾಲಿಗೆ ಒಂದು ಪಾಲು 'ತಾಯಿ ವಿನೆಗರ್' ಬೆರೆಸಿ. ತಡ ಮಾಡಬೇಡಿ.

5. ಅಗಲ ಬಾಯಿಯ ಪಾತ್ರೆಗೆ ಅರ್ಧದಷ್ಟು ಮಾತ್ರ ಹಾಕಿ, ಬಾಯಿಗೆ ಎರಡು ಪದರ ತೆಳು ಬಟ್ಟೆ ಕಟ್ಟಿ. ಬಿಸಿಲು ಬೀಳದ, ಬೆಚ್ಚಗಿನ ಜಾಗದಲ್ಲಿಡಿ. ಅಲುಗಾಡಿಸಬೇಡಿ. ಒಂದರಿಂದ ಮೂರು ತಿಂಗಳು ಬೇಕು.

6. ಹುಳಿ ಸಾಕಷ್ಟಾದ ಮೇಲೆ ಮುಂದಿನ ಸಲಕ್ಕೆ ಒಂದಿಷ್ಟು ಎತ್ತಿಟ್ಟು, ಉಳಿದದ್ದನ್ನು ಶೋಧಿಸಿ 65 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಿ. ಗಾಳಿಗೆ ಬಿಟ್ಟರೆ ಬ್ಯಾಕ್ಟೀರಿಯಾ ಆಮ್ಲವನ್ನೇ ತಿನ್ನತೊಡಗಿ ಹುಳಿ ಇಳಿಯುತ್ತದೆ.

ತಾಯಿ ವಿನೆಗರ್ ಅಂದರೆ ಕಾಯಿಸದೆ ಇಟ್ಟ, ಬ್ಯಾಕ್ಟೀರಿಯಾ ಜೀವಂತವಾಗಿರುವ ವಿನೆಗರ್. ಅಂಗಡಿಯ ಅಗ್ಗದ ಬಿಳಿ ವಿನೆಗರಿನಲ್ಲಿ ಅದಿಲ್ಲ. ಅದರ ಚೀಟಿ ಓದಿ, 'ಸಿಂಥೆಟಿಕ್' ಅಂತ ಬರೆದಿರುತ್ತದೆ. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು ಅಷ್ಟೆ. 'ವಿತ್ ಮದರ್' ಎಂದಿರುವ ಸೈಡರ್ ವಿನೆಗರ್ ಒಂದು ಬಾಟಲಿ ತಂದರೆ ಸಾಕು. ಆಮೇಲೆ ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ ನಿಮ್ಮದರಲ್ಲೇ ಉಳಿಸಿಕೊಳ್ಳಿ.

ನಾನು ಕಂಡದ್ದು

ಹಲಸು, ಬಾಳೆ, ತೆಂಗಿನ ನೀರು ಮೂರನ್ನೂ ಐದೈದು ಲೀಟರ್ ಪ್ರಮಾಣದಲ್ಲಿ ಇಟ್ಟು ನೋಡಿದೆ. ಮೊದಲ ಹಂತದಲ್ಲಿ ಹಲಸು ಎಲ್ಲಕ್ಕಿಂತ ಜೋರು. ಎರಡನೇ ದಿನವೇ ನೊರೆ ಉಕ್ಕುತ್ತದೆ. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು ಅನ್ನೋದು ಆಗ ಅರ್ಥವಾಗುತ್ತದೆ. ಬಾಳೆಯ ರಸ ಲೋಳೆಲೋಳೆ, ಶೋಧಿಸುವುದು ಕಷ್ಟ. ಆದರೆ ಒಂದು ರಾತ್ರಿ ಹಾಗೇ ಬಿಟ್ಟರೆ ಗಷ್ಟು ಕೆಳಗೆ ಕೂತು ಮೇಲಿನ ತಿಳಿ ಬಸಿಯಬಹುದು. ತೆಂಗಿನ ನೀರಿನದು ಕೆಲಸ ಕಡಿಮೆ, ಬಣ್ಣ ತಿಳಿ, ಉಪ್ಪಿನಕಾಯಿಗೆ ಒಗ್ಗುವಂಥದು. ಹಲಸಿನದರಲ್ಲಿ ಕೊನೆಯವರೆಗೂ ಹಣ್ಣಿನ ವಾಸನೆ ನಿಲ್ಲುತ್ತದೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ.

ಎರಡನೇ ಹಂತದ ಎರಡು-ಮೂರು ವಾರದಲ್ಲಿ ಮೇಲೆ ತೆಳು ಪೊರೆ ಕಟ್ಟುತ್ತದೆ. ಕೆನೆಯ ಹಾಗಿರುವ ಇದು ಒಳ್ಳೆಯದು, ತೆಗೆಯಬೇಡಿ. ಹಸಿರು, ಕಪ್ಪು ಬಣ್ಣದ ನವಿರು ಬೂಷ್ಟು ಬಂದರೆ ಮಾತ್ರ ಇಡೀ ಪಾತ್ರೆಯದನ್ನು ಚೆಲ್ಲಬೇಕು. ಹಣ್ಣಿನ ಸಣ್ಣ ನೊಣಗಳು ಮುತ್ತುತ್ತವೆ, ಬಟ್ಟೆಯ ಕಟ್ಟು ಬಿಗಿಯಾಗಿರಲಿ. ಧನುರ್ಮಾಸದ ಚಳಿಯಲ್ಲಿ ಕೆಲಸ ನಿಂತ ಹಾಗೆ ಕಾಣುತ್ತದೆ. ಒಲೆ ಇರುವ ಕೋಣೆಗೆ ಸಾಗಿಸಿದರೆ ಮತ್ತೆ ಚುರುಕು.

ಹುಳಿ ಅಳೆಯುವುದು ಹೇಗೆ?

ನಾಲಿಗೆ ಸಾಲದು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಹುದುಗಿಸಿದ ವಿನೆಗರಿನಲ್ಲಿ ಕನಿಷ್ಠ 3.75 ಪಾಲು ಅಸಿಟಿಕ್ ಆಮ್ಲ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಉಪ್ಪಿನಕಾಯಿ ಕೆಡುವ ಭಯವೂ ಇದೆ. ಅಳತೆ ದ್ವಿತೀಯ ಪಿ.ಯು.ಸಿ. ವಿಜ್ಞಾನದ ಮಕ್ಕಳು ಮಾಡುವ ಟೈಟ್ರೇಶನ್ ಅಷ್ಟೆ. 10 ಮಿ.ಲೀ. ವಿನೆಗರಿಗೆ ನೀರು ಸೇರಿಸಿ 100 ಮಿ.ಲೀ. ಮಾಡಿ. ಅದರಲ್ಲಿ 10 ಮಿ.ಲೀ. ತೆಗೆದುಕೊಂಡು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ, ಫಿನಾಲ್ಫ್ತಲೀನ್ ಗುಲಾಬಿ ಬಣ್ಣ ಕೊಡುವವರೆಗೆ ಟೈಟ್ರೇಟ್ ಮಾಡಬೇಕು. ಎಷ್ಟು ಮಿ.ಲೀ. ಹಿಡಿಯಿತೋ ಅದನ್ನು 0.6ರಿಂದ ಗುಣಿಸಿ. 7 ಮಿ.ಲೀ. ಹಿಡಿದರೆ 4.2 ಪಾಲು ಹುಳಿ. ಹತ್ತಿರದ ಪಿ.ಯು. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿಕೊಂಡರೆ ಹತ್ತು ನಿಮಿಷದ ಕೆಲಸ.

ಲಾಭ ಇದೆಯೇ?

ಸಿಂಥೆಟಿಕ್ ವಿನೆಗರಿನ ದರದ ಜತೆ ಪೈಪೋಟಿ ಮಾಡಿದರೆ ಗಿಟ್ಟುವುದಿಲ್ಲ. ಮನೆಯ ಉಪ್ಪಿನಕಾಯಿಗೆ, ಹಸಿಶುಂಠಿ, ಹಸಿಮೆಣಸಿನಕಾಯಿ ಹಾಕಿಡಲು ಬಳಸುವುದು ಮೊದಲ ಲಾಭ. ಮಾರುವುದಾದರೆ 'ಹಲಸಿನ ಹಣ್ಣಿನದು', 'ತೆಂಗಿನ ನೀರಿನದು' ಎಂದು ಹೆಸರು ಹೇಳಿಯೇ ಮಾರಬೇಕು. ಬೇಲೂರು, ಹಳೇಬೀಡಿಗೆ ದೇವಸ್ಥಾನ ನೋಡಲು ಬರುವ ಜನಕ್ಕೆ ಸಣ್ಣ ಬಾಟಲಿಯಲ್ಲಿ ಕೊಡುವ ಯೋಚನೆ ಮಹಿಳಾ ಸಂಘಗಳು ಮಾಡಬಹುದು. ಆಗ ಎಫ್.ಎಸ್.ಎಸ್.ಎ.ಐ. ನೋಂದಣಿ ಬೇಕು. ಸಕ್ಕರೆ ಕಾಯಿಲೆ ವಾಸಿ, ಬೊಜ್ಜು ಕರಗುತ್ತೆ ಎಂದೆಲ್ಲ ಚೀಟಿಯಲ್ಲಿ ಬರೆಯಬೇಡಿ. ನೀರು ಬೆರೆಸದೆ ಕುಡಿದರೆ ಹಲ್ಲು, ಗಂಟಲಿಗೆ ತೊಂದರೆ ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.

ಕೊನೆಗೆ ಒಂದು ಎಚ್ಚರಿಕೆ. ಮೊದಲ ಹಂತದ ಕೆಲವು ದಿನ ಪಾತ್ರೆಯಲ್ಲಿ ಇರೋದು ಮದ್ಯಸಾರವೇ. ಅಬಕಾರಿ ಕಾಯ್ದೆಯಲ್ಲಿ ಮದ್ಯ ಅಂದರೆ ಮದ್ಯಸಾರವಿರುವ ಎಲ್ಲ ದ್ರವಗಳೂ ಸೇರುತ್ತವೆ. ಆದ್ದರಿಂದ ಶುರು ಮಾಡುವ ಮುಂಚೆ ತಾಲ್ಲೂಕಿನ ಅಬಕಾರಿ ಕಚೇರಿಗೆ ಅರ್ಜಿ ಬರೆದು, ಮಾಡುತ್ತಿರುವುದು ವಿನೆಗರ್, ಪ್ರಮಾಣ ಇಷ್ಟು ಎಂದು ತಿಳಿಸಿ, ಬರವಣಿಗೆಯಲ್ಲೇ ಉತ್ತರ ಪಡೆದುಕೊಳ್ಳಿ. ಗುಳ್ಳೆ ನಿಂತ ದಿನವೇ ತಾಯಿ ವಿನೆಗರ್ ಬೆರೆಸಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅಷ್ಟು ಹುಳಿ ಬಿದ್ದ ಮೇಲೆ ಅದು ಕುಡಿಯುವ ಪಾನೀಯವಾಗಿ ಉಳಿಯುವುದಿಲ್ಲ.

ಒಂದೇ ಸಲಕ್ಕೆ ಡ್ರಮ್ಮುಗಟ್ಟಲೆ ಹಾಕಬೇಡಿ. ಐದು ಲೀಟರಿನ ಒಂದು ಜಾಡಿ, ಒಂದು ಹಲಸಿನ ಹಣ್ಣು ಸಾಕು. ನೇರಳೆ, ಸಪೋಟದಲ್ಲಿ ಮಾಡಿ ನೋಡಿದವರಿದ್ದರೆ ಎಷ್ಟು ನೀರು ಬೆರೆಸಿದಿರಿ, ಎಷ್ಟು ದಿನ ಹಿಡಿಯಿತು, ಹುಳಿ ಎಷ್ಟು ಬಂತು ಎಂಬ ಮೂರು ಲೆಕ್ಕವನ್ನು ಪತ್ರಿಕೆಗೆ ಬರೆದು ತಿಳಿಸಿ. ಉಳಿದವರಿಗೆ ಉಪಕಾರವಾಗುತ್ತದೆ.