ಆಪ್ತಸಮಾಲೋಚಕರ ಮುಂದೆ ಮೊದಲ ಸಲ

ಮೈಸೂರಿನ ಯಾದವಗಿರಿಯಲ್ಲಿರುವ ಆಕಾಶವಾಣಿಯ ಹುಟ್ಟಿನ ಕಥೆ ಊರಿನ ಅನೇಕರಿಗೆ ಗೊತ್ತು. 1935ರ ಸೆಪ್ಟೆಂಬರ್ 10ರಂದು ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಅವರು ಮನಃಶಾಸ್ತ್ರದ ಮೇಷ್ಟ್ರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆ ವಿಭಾಗವನ್ನು ಕಟ್ಟಿದವರು. ಮನಸ್ಸನ್ನು ವಿಜ್ಞಾನವಾಗಿ ಓದುವುದು ಈ ಊರಿಗೆ ನೂರು ವರ್ಷದ ರೂಢಿ. ಆದರೂ ಕೌನ್ಸೆಲಿಂಗ್‌ಗೆ ಹೋಗಬೇಕೆಂದರೆ ಎಷ್ಟೋ ಮಂದಿಗೆ ಅಳುಕು. ಅಲ್ಲಿ ಏನು ಕೇಳುತ್ತಾರೋ, ಯಾರಿಗೆ ಹೇಳಿಬಿಡುತ್ತಾರೋ, ಬರೀ ಮಾತಿನಿಂದ ಏನಾದೀತು? ಈ ಮೂರು ಅನುಮಾನಗಳಿಗೂ ಉತ್ತರವಿದೆ.

ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅದರ ಬಹುಪಾಲು ಪ್ರಶ್ನೆಗಳಿಗೇ ಹೋಗುತ್ತದೆ: ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಸಾಯಬೇಕೆಂಬ ಯೋಚನೆ ಬಂದದ್ದುಂಟೇ. ಕೊನೆಯ ಪ್ರಶ್ನೆಗೆ ಬೆಚ್ಚಬೇಕಾಗಿಲ್ಲ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಕೆಲವರು ಖಿನ್ನತೆಯನ್ನು ಅಳೆಯುವ ‘ಪಿಎಚ್‌ಕ್ಯೂ–9’ ಎಂಬ ಹಾಳೆಯನ್ನು ಕೊಡುತ್ತಾರೆ. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳು, 0ಯಿಂದ 27ರವರೆಗೆ ಅಂಕ. ಅಷ್ಟರಿಂದಲೇ ಕಾಯಿಲೆ ಇಂಥದ್ದೆಂದು ನಿರ್ಧರಿಸುವುದಿಲ್ಲ. ಕೆಲವು ವಾರ ಕಳೆದು ಅದೇ ಹಾಳೆಯನ್ನು ತುಂಬಿದಾಗ ಖಿನ್ನತೆ ಇಳಿದಿದೆಯೇ ಎಂಬುದು ತಿಳಿಯುತ್ತದೆ.

ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ಅವು ಯಾವುವು, ಶುಲ್ಕ ಎಷ್ಟು, ಸಮಾಲೋಚಕರು ಓದಿದ್ದೇನು ಎಂಬುದನ್ನು ಮೊದಲ ದಿನವೇ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನು ಮಾತಿನ ಫಲ. ಮನೆಯ ಹಿರಿಯರು ಹೇಳುವಂತೆ ‘ಹೀಗೆ ಮಾಡು’ ಎಂಬ ಅಪ್ಪಣೆಯನ್ನೇ ನಾವು ಬಯಸುತ್ತೇವೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಭಾರತದ ಮನೋಚಿಕಿತ್ಸೆಗೆ ಗುರು–ಶಿಷ್ಯ ಸಂಬಂಧವನ್ನು ಮಾದರಿಯಾಗಿ ಮುಂದಿಟ್ಟು ಚರ್ಚಿಸಿದ್ದರು. ಆದರೆ ಮದುವೆ, ಕೆಲಸದಂಥ ವಿಷಯದಲ್ಲಿ ಸಮಾಲೋಚಕರು ತೀರ್ಪು ಕೊಡುವುದಿಲ್ಲ. ನಿಮ್ಮ ನಿರ್ಧಾರ ನಿಮ್ಮದೇ ಆಗಿರಬೇಕು ಎಂಬುದೇ ಅದಕ್ಕೆ ಕಾರಣ. ಹಾಗೆಂದು ಅವರು ಸುಮ್ಮನೆ ಕೂತಿರುವುದೂ ಇಲ್ಲ. ಖಿನ್ನತೆಯಲ್ಲಿ ಮನುಷ್ಯ ಇಷ್ಟದ ಕೆಲಸಗಳನ್ನೂ ಬಿಡುತ್ತಾನೆ. ಬಿಟ್ಟಷ್ಟೂ ಸಂತೋಷದ ಗಳಿಗೆಗಳು ಕಡಿಮೆಯಾಗಿ ಖಿನ್ನತೆ ಹೆಚ್ಚುತ್ತದೆ. ಈ ಸುತ್ತನ್ನು ಮುರಿಯಲು ಸಣ್ಣಸಣ್ಣ ಕೆಲಸಗಳನ್ನು ಗೊತ್ತುಮಾಡಿ, ಮುಂದಿನ ಭೇಟಿಯಲ್ಲಿ ವಿಚಾರಿಸುತ್ತಾರೆ.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಮಂದಿಯ ಮೇಲೆ ಈ ಕ್ರಮವನ್ನು ಪರೀಕ್ಷಿಸಲಾಯಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮಾಮೂಲಿ ಆರೈಕೆಯ ಜೊತೆಗೆ 6ರಿಂದ 8 ಭೇಟಿಗಳ ಸಮಾಲೋಚನೆಯನ್ನೂ ಪಡೆದವರಲ್ಲಿ ಮೂರು ತಿಂಗಳಿಗೆ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಸಮಾಲೋಚನೆ ಇಲ್ಲದವರಲ್ಲಿ ಶೇ 39. ಸಮಾಲೋಚನೆ ನಡೆಸಿದವರು ತರಬೇತಿ ಪಡೆದ ಸಾಮಾನ್ಯ ಜನರೇ.

ಮೊದಮೊದಲು ಹಳೆಯ ನೋವು ಕೆದಕಿದಂತಾಗಿ ಮನಸ್ಸು ಇನ್ನಷ್ಟು ಭಾರವಾಗಬಹುದು. ಅದನ್ನು ಅವರಿಗೇ ಹೇಳಿ. ಮೂರ‍್ನಾಲ್ಕು ಭೇಟಿಯ ನಂತರ ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಗುರುತಿಸಿದ ಮೂರು ಅಂಶಗಳನ್ನು ಗಮನಿಸಿ: ಗುರಿಯ ಬಗ್ಗೆ ಇಬ್ಬರಿಗೂ ಒಮ್ಮತವಿದೆಯೇ, ಮಾಡುವ ಕೆಲಸ ಒಪ್ಪಿಗೆಯೇ, ನಂಬಿಕೆ ಬೆಳೆದಿದೆಯೇ? ಈ ಬಾಂಧವ್ಯ ಚೆನ್ನಾಗಿದ್ದಲ್ಲಿ ಫಲವೂ ಚೆನ್ನಾಗಿರುತ್ತದೆ ಎಂದು ಅನೇಕ ಸಂಶೋಧನೆಗಳು ತೋರಿಸಿವೆ. ಹೊಂದದಿದ್ದರೆ ಬೇರೆಯವರನ್ನು ಕಾಣುವುದು ತಪ್ಪಲ್ಲ, ಚಿಕಿತ್ಸೆಯನ್ನೇ ಕೈಬಿಡಬೇಡಿ. ಔಷಧಿ ಬೇಕೆನಿಸಿದರೆ ಸಮಾಲೋಚಕರು ಮನೋವೈದ್ಯರ ಬಳಿಗೆ ಕಳಿಸುತ್ತಾರೆ.

ಬದುಕೇ ಬೇಡವೆನಿಸುತ್ತಿದ್ದರೆ ಮಾತ್ರ ಭೇಟಿಯ ದಿನಕ್ಕಾಗಿ ಕಾಯಬೇಡಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.